ಬಾಗಿಲು ತೆರೆದ ಸಮಯ

ಕರ್, ಕರ್, ಕರ್.

ಅಷ್ಟೇನೂ ದೊಡ್ಡ ಸದ್ದಲ್ಲ. ಬೇರೆ ಯಾರಾದರೂ ಆಗಿದ್ದರೆ ಇಲಿ ಎಲ್ಲೋ ರಟ್ಟು ಕಡಿಯುತ್ತಿದೆ ಅಂದುಕೊಂಡು ಮಗ್ಗುಲು ಬದಲಿಸುತ್ತಿದ್ದರು. ಅವಳು ಮಾತ್ರ ಕಣ್ಣು ಬಿಡುವ ಮೊದಲೇ ಕೈ ಚಾಚಿ ಮಗಳ ಮಣಿಕಟ್ಟು ಹಿಡಿದಿದ್ದಳು. ನಾಲ್ಕೂವರೆ ವರ್ಷದ ಗುಬ್ಬಿ ನಿದ್ದೆಯಲ್ಲೇ ಮೊಣಕಾಲಿನ ಹಿಂಭಾಗವನ್ನು ಕೆರೆದುಕೊಳ್ಳುತ್ತಿದ್ದಳು. ಉಗುರು ತಾಗದಿರಲಿ ಎಂದು ಮಲಗುವಾಗ ಎರಡೂ ಕೈಗೆ ತೊಡಿಸಿದ್ದ ಕಾಲುಚೀಲಗಳಲ್ಲಿ ಒಂದು ಆಗಲೇ ಮಂಚದ ಕೆಳಗೆ ಸೇರಿತ್ತು.

ದೀಪ ಹಾಕಿದಳು. ಚರ್ಮ ಸುಲಿದು ಒದ್ದೆ ಒದ್ದೆಯಾಗಿತ್ತು. ಮುಲಾಮು ಸವರಿ, ಮಗುವಿನ ಎದೆಗೆ ಕಿವಿ ಇಟ್ಟಳು. ಒಳಗೆ ಸಣ್ಣಗೆ ಸೀಟಿ ಊದಿದಂತೆ ಉಸಿರು. ಗೋಡೆಯ ಗಡಿಯಾರ ನೋಡುತ್ತಾ ಅರ್ಧ ನಿಮಿಷ ಎಣಿಸಿದಳು, ಎರಡರಿಂದ ಗುಣಿಸಿದಳು, ಮತ್ತೆ ಎಣಿಸಿದಳು.

"ಮತ್ತೇನಾ?" ಎಂದ ಗಂಡ, ಕಣ್ಣು ಮುಚ್ಚಿಕೊಂಡೇ.

"ಮತ್ತೆ."

"ಬೆಳಿಗ್ಗೆ ಹೇಗಿದ್ರೂ ಡಾಕ್ಟರ್ ಹತ್ರ ಹೋಗ್ತೀಯಲ್ಲ," ಎಂದು ಅವನು ಹೊದಿಕೆ ಎಳೆದುಕೊಂಡ. ಅವನ ಪಾಲಿನ ಚಿಂತೆ ಅಲ್ಲಿಗೆ ಮುಗಿಯಿತು. ಅವಳದು ಹೊತ್ತು ಹುಟ್ಟುವ ತನಕ ಕೂತೇ ಇತ್ತು.

ಮೂರು ವರ್ಷದಿಂದ ಇದೇ ಗೋಳು. ಊರಿಗೆ ಊರೇ ವೈದ್ಯರು. ಹಾಲು ನಿಲ್ಲಿಸು ಎಂದವರು ಒಬ್ಬರು, ಹಾಲೇ ಕೊಡು ಎಂದವರು ಇನ್ನೊಬ್ಬರು. ಬಾಣಂತನದಲ್ಲಿ ತಲೆಗೆ ಸರಿಯಾಗಿ ಬಟ್ಟೆ ಕಟ್ಟಿಕೊಳ್ಳಲಿಲ್ಲ ಎಂಬುದು ಅತ್ತೆಯ ವಾದ. ಅವಳ ತಲೆಗೂ ಮಗುವಿನ ಮೊಣಕಾಲಿಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ, "ಓದಿದವರಿಗೆ ನಾವೇನು ಹೇಳೋಕಾಗುತ್ತೆ ತಾಯಿ, ನಮ್ಮ ವಂಶದಲ್ಲಂತೂ ಯಾರಿಗೂ ಹಿಂಗೆ ಚರ್ಮ ಇರ್ಲಿಲ್ಲ," ಎಂದು ಉತ್ತರ ಬಂದಿತ್ತು. ಅದು ಅಂಟುರೋಗವಲ್ಲ ಎಂದು ಎಷ್ಟು ಹೇಳಿದರೂ ಪಕ್ಕದ ಮನೆಯಾಕೆ ತನ್ನ ಮಗನನ್ನು ಗುಬ್ಬಿಯ ಪಕ್ಕದಿಂದ ಎತ್ತಿಕೊಂಡು ಹೋಗುತ್ತಿದ್ದಳು, ಅದೂ ನಗುನಗುತ್ತಾ. ಆ ನಗು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಆಸ್ಪತ್ರೆಯಲ್ಲಿ ಟೋಕನ್ ಮೂವತ್ತೊಂದು. ಮರದ ಬೆಂಚಿನ ಮೇಲೆ ಎರಡು ಗಂಟೆ ಕೂತ ಮೇಲೆ ಒಳಗೆ ಕರೆ ಬಂತು. ಹೊಸ ಡಾಕ್ಟರಮ್ಮ, ಅಲರ್ಜಿಗೆಂದೇ ಓದಿದವರು. ಹಳೆಯ ಫೈಲನ್ನು ಮೊದಲ ಹಾಳೆಯಿಂದ ಓದುತ್ತಾ ಬಂದರು. ಹಾಗೆ ಓದಿದವರನ್ನು ಅವಳು ಇದೇ ಮೊದಲು ನೋಡಿದ್ದು.

"ತಾಯಿಯ ಉದ್ಯೋಗ ಗೃಹಿಣಿ ಅಂತಿದೆ. ಬಸುರಿಯಾಗಿದ್ದಾಗಲೂ ಮನೇಲೇ ಇದ್ರಾ?"

"ಇಲ್ಲ ಮೇಡಂ. ಆ ಫಾರಂ ಬರೆದವರು ನನ್ನನ್ನ ಕೇಳಲೇ ಇಲ್ಲ. ಪ್ಲಾಸ್ಟಿಕ್ ಹೊದಿಸಿ ಗುಲಾಬಿ ಬೆಳೀತಾರಲ್ಲ, ನಾನು ಆಗ ಆ ಪಾಲಿಹೌಸಲ್ಲಿ ಕೆಲಸಕ್ಕಿದ್ದೆ. ಏಳನೇ ತಿಂಗಳವರೆಗೂ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಲ್ಲಿ ಕೀಟನಾಶಕ ಹೊಡೀತಿದ್ರು."

"ವಾರಕ್ಕೆ ಎರಡು ಸಲ. ಹುಳ ಜಾಸ್ತಿಯಾದ್ರೆ ಮೂರು."

"ನೀವು ಒಳಗೆ ಹೋಗ್ತಿದ್ರಾ?"

ಹೋಗುತ್ತಿದ್ದಳು. ಅವಳ ಕೆಲಸವೇ ಅದು. ಸಾಲಿಗೊಂದರಂತೆ ತೂಗುಬಿಟ್ಟಿದ್ದ ಹಳದಿ ಅಂಟು ಹಾಳೆಗಳ ಮೇಲೆ ಎಷ್ಟು ಹುಳ ಕೂತಿವೆ ಎಂದು ಎಣಿಸಿ ಬರೆದುಕೊಳ್ಳಬೇಕಿತ್ತು. ಮಾತಲ್ಲಿ ಇಷ್ಟನ್ನು ಹೇಳಿ, "ಇವಳಿಗೆ ಹೀಗಾಗಿರೋದು ಅದರಿಂದಲೇ ಅಂತೀರಾ?" ಎಂದು ಕೇಳಿದಳು.

"ಅಂತೀನಿ ಅಂದ್ರೂ ಸುಳ್ಳಾಗುತ್ತೆ, ಇಲ್ಲ ಅಂದ್ರೂ ಸುಳ್ಳಾಗುತ್ತೆ," ಎಂದರು ಡಾಕ್ಟರಮ್ಮ. "ಹೊಟ್ಟೇಲಿದ್ದಾಗ ಇಂಥ ಔಷಧಿಗಳ ಸಂಪರ್ಕ ಬಂದ ಮಕ್ಕಳಲ್ಲಿ ಉಬ್ಬಸ, ಅಲರ್ಜಿ ಹೆಚ್ಚು ಅಂತ ಕೆಲವು ಅಧ್ಯಯನಗಳು ಹೇಳ್ತವೆ. ಕೆಲವದರಲ್ಲಿ ಅಂಥ ಸಂಬಂಧ ಕಂಡಿಲ್ಲ. ನೂರಾರು ಮಕ್ಕಳ ಲೆಕ್ಕದಲ್ಲಿ ಒಂದು ಮಾತು ಹೇಳಬಹುದು. ಈ ಒಂದು ಮಗುವಿಗೆ ಇದರಿಂದಲೇ ಬಂತು ಅಂತ ಹೇಳೋಕೆ ನನ್ನ ಹತ್ರ ಯಾವ ಪರೀಕ್ಷೇನೂ ಇಲ್ಲ."

ಇಷ್ಟು ವರ್ಷ ಕಾದು ಒಂದು 'ಹೌದು' ಅಥವಾ ಒಂದು 'ಅಲ್ಲ' ಸಿಕ್ಕಿದ್ದರೆ ಸಾಕಿತ್ತು. ಸಿಕ್ಕಿದ್ದು 'ಇರಬಹುದು'. ಅದನ್ನು ಮನೆಗೆ ಒಯ್ದು ಎಲ್ಲಿಡುವುದು?

"ಯಾವ ಔಷಧಿ, ಯಾವಾಗ ಹೊಡೆದದ್ದು, ನೀವು ಎಷ್ಟು ಹೊತ್ತಿನ ಮೇಲೆ ಒಳಗೆ ಹೋದದ್ದು, ಇದಕ್ಕೆಲ್ಲ ಅಲ್ಲಿ ರಿಜಿಸ್ಟರ್ ಇಟ್ಟಿರ್ತಾರಲ್ಲ. ಅದರ ಪ್ರತಿ ಸಿಕ್ಕರೆ ತನ್ನಿ. ಇಂಥ ತಾಯಂದಿರ ಮಾಹಿತಿ ಕೂಡಿಸ್ತಾ ಇದ್ದೀವಿ. ಮತ್ತೆ, ಈಗ ಅಲ್ಲಿ ಬಸುರಿಯರು ಯಾರಾದ್ರೂ ಇದ್ರೆ ಔಷಧಿ ಹೊಡೆದ ಜಾಗಕ್ಕೆ ಹೋಗಬೇಡಿ ಅಂತ ಹೇಳಿ. ಸಾಬೀತಾಗೋ ತನಕ ಕಾಯೋ ವಿಷಯ ಅಲ್ಲ ಅದು."

ಅವಳ ತಂಗಿ ಈಗ ಅದೇ ಗುಲಾಬಿ ತೋಟದಲ್ಲಿದ್ದಳು. ಮೂರನೇ ಪಾಲಿಹೌಸಿನಲ್ಲಿ ಮೊಗ್ಗು ಕತ್ತರಿಸುವ ಕೆಲಸ. ಮದುವೆಯಾಗಿ ಆರು ವರ್ಷಕ್ಕೆ ನಿಂತ ಗರ್ಭ, ಈಗ ಮೂರು ತಿಂಗಳು. ಆ ಕೆಲಸ ಕೊಡಿಸಿದವಳು ಅಕ್ಕನೇ.

ಅಂದು ಸಂಜೆಯೇ ತಂಗಿಯ ಮನೆಗೆ ಹೋದಳು. ತಂಗಿ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಗುಲಾಬಿ ಮುಳ್ಳು ತರಚಿದ ಬೆರಳುಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

"ಔಷಧಿ ಹೊಡೆದು ಎಷ್ಟು ಹೊತ್ತಿಗೆ ಒಳಗೆ ಕಳಿಸ್ತಾರೆ ಈಗ?"

"ನಿನ್ನ ಕಾಲದಲ್ಲಿ ಎಷ್ಟು ಹೊತ್ತಿಗೋ ಅಷ್ಟೇ ಹೊತ್ತಿಗೆ. ಬೆಳಿಗ್ಗೆ ಆರಕ್ಕೆ ಹೊಡೆದ್ರೆ ಹನ್ನೊಂದಕ್ಕೆ ಕೆಂಪು ಬಟ್ಟೆ ತೆಗೀತಾರೆ."

ಔಷಧಿ ಹೊಡೆದ ಪಾಲಿಹೌಸಿನ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದರು. ಇಪ್ಪತ್ನಾಲ್ಕು ಗಂಟೆ ಅದು ಅಲ್ಲಿರಬೇಕು, ಯಾರೂ ಒಳಗೆ ಕಾಲಿಡಬಾರದು. ಆದರೆ ಮೊಗ್ಗು ಬಟ್ಟೆಯ ಮಾತು ಕೇಳುವುದಿಲ್ಲ. ಬಿಸಿಲಿಗೆ ಒಂದು ದಿನ ಬಿಟ್ಟರೆ ಅರಳಿಬಿಡುತ್ತದೆ, ಅರಳಿದ್ದನ್ನು ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಐದು ಗಂಟೆ ಕಳೆಯುವಷ್ಟರಲ್ಲೇ ಬಟ್ಟೆ ಇಳಿಯುತ್ತಿತ್ತು. ಎಲೆಯ ಮೇಲೆ ಇನ್ನೂ ಪಸೆ ಇರುತ್ತಿತ್ತು.

"ನಾಳೆಯಿಂದ ಪ್ಯಾಕಿಂಗ್‌ಗೆ ಹಾಕಿ ಅಂತ ಕೇಳು. ಅಲ್ಲಿ ಹೊಡೆಯೋದಿಲ್ಲ."

"ಕೇಳ್ದೆ ಕಣೇ ಅಕ್ಕ. ನಾನೇನು ಅಷ್ಟು ಪೆದ್ದೀನಾ? 'ಆಮೇಲೆ' ಸಾರ್ ಏನಂದ್ರು ಗೊತ್ತಾ?"

ಸೂಪರ್‌ವೈಸರಿಗೆ ಹೆಂಗಸರು ಇಟ್ಟ ಹೆಸರು ಅದು. ರಜೆ ಕೇಳಿದರೆ ಆಮೇಲೆ, ಕೈಗವಸು ಕೇಳಿದರೆ ಆಮೇಲೆ. ಅವರ ಮದುವೆಯ ದಿನ ತಾಳಿ ಕಟ್ಟಿ ಎಂದಾಗಲೂ ಆಮೇಲೆ ಎಂದಿರಬೇಕು ಎಂದು ಸಾಲುಗಳ ನಡುವೆ ನಗೆ ಹರಿಯುತ್ತಿತ್ತು.

"ಏನಂದ್ರು?"

"ನಿನ್ನ ಕಾಲದ ರಿಜಿಸ್ಟರ್ ತೆಗೆದು ತೋರಿಸಿದ್ರು. 'ನೋಡಮ್ಮ, ಒಂದೇ ಒಂದು ದಿನ ಇಪ್ಪತ್ನಾಲ್ಕು ಗಂಟೆಗೆ ಮೊದಲು ಬಾಗಿಲು ತೆರೆದಿಲ್ಲ. ಇದನ್ನ ಬರೆದಿರೋದು ಯಾರು? ನಿಮ್ಮಕ್ಕ. ಬಸುರಿ ಹೆಂಗಸು ಬರೆದದ್ದು ಸುಳ್ಳಾಗುತ್ತಾ?' ಅಂದ್ರು." ತಂಗಿ ನಕ್ಕಳು, ಆಮೇಲೆ ನಗು ಇಳಿಸಿದಳು. "ಬಿಡೇ. ನಮ್ಮ ಮನೆಯವರು ಕೆಲಸಕ್ಕಿದ್ದ ಕಾರ್ಖಾನೆ ಬಾಗಿಲು ಹಾಕಿ ನಾಲ್ಕು ತಿಂಗಳಾಯ್ತು. ನಾನೂ ಬಿಟ್ಟು ಕೂತ್ರೆ ಮನೆ ನಡೆಯೋದು ಹೇಗೆ?"

ಅಕ್ಕ ಎದ್ದು ಚಪ್ಪಲಿ ಮೆಟ್ಟಿಕೊಂಡಳು.

ಪಾಲಿಹೌಸಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು 'ರಿಜಿಸ್ಟರ್ ಅಕ್ಕ' ಎಂದು. ಅಲ್ಲಿ ಕಾಲೇಜು ಮೆಟ್ಟಿಲು ಹತ್ತಿದ್ದವಳು ಅವಳೊಬ್ಬಳೇ. ಯಾವ ಮನೆ (ಪಾಲಿಹೌಸಿಗೆ ಅಲ್ಲಿ ಮನೆ ಎಂದೇ ಹೆಸರು), ಯಾವ ಔಷಧಿ, ಹೊಡೆದು ಮುಗಿದ ಸಮಯ, ಬಾಗಿಲು ತೆರೆದ ಸಮಯ ಎಂದು ನಾಲ್ಕು ಅಂಕಣ. ದಿನಾ ತುಂಬಬೇಕಾದದ್ದನ್ನು ಅಲ್ಲಿ ಶನಿವಾರ ಮಧ್ಯಾಹ್ನ ಒಟ್ಟಿಗೇ ತುಂಬುವುದು ರೂಢಿ. ಅವಳು ಸೇರುವ ಮೊದಲಿಂದಲೂ ಹಾಗೇ ನಡೆದಿತ್ತು. ಮೊದಲಿನವನು ಎಲ್ಲ ದಿನವೂ ಆರರಿಂದ ಆರು ಎಂದು ಒಂದೇ ಅಚ್ಚು ಒತ್ತಿದಂತೆ ಬರೆದು, ಖರೀದಿದಾರರ ಕಡೆಯ ತಪಾಸಣೆಯವರ ಕೈಗೆ ಸಿಕ್ಕಿಬಿದ್ದಿದ್ದ. ಅವಳು ಹಾಗೆ ಸಿಕ್ಕಿಬೀಳುವವಳಲ್ಲ. ಆರು ಹತ್ತು, ಆರು ಇಪ್ಪತ್ತೈದು, ಐದು ಐವತ್ತು ಎಂದು ಸಮಯ ಬದಲಿಸುತ್ತಿದ್ದಳು. ಸೋಮವಾರಕ್ಕೆ ನೀಲಿ ಪೆನ್ನು, ಬುಧವಾರಕ್ಕೆ ಕಪ್ಪು. ಎಲ್ಲೋ ಒಂದು ಕಡೆ ಬೇಕೆಂದೇ ತಪ್ಪು ಬರೆದು, ಹೊಡೆದು ಹಾಕಿ, ಪಕ್ಕದಲ್ಲಿ ಸಣ್ಣ ಸಹಿ. ಓದುವವರಿಗೆ ದಿನಾ ಬರೆದಂತೆಯೇ ಕಾಣಬೇಕು. ಆ ಕೆಲಸದ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಅದನ್ನು ಈಗ ನೆನೆದರೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಹೊಟ್ಟೆಯಲ್ಲಿ ಗುಬ್ಬಿ ಇದ್ದಾಗ, ಹನ್ನೊಂದು ಗಂಟೆಗೆ ಹಸಿ ಎಲೆಗಳ ನಡುವೆ ನಿಂತು ಹುಳ ಎಣಿಸಿ ಬಂದವಳೇ, ಶನಿವಾರ ಕೂತು, ಆ ಬಾಗಿಲು ಮರುದಿನ ಬೆಳಿಗ್ಗೆ ತೆರೆಯಿತೆಂದು ಬರೆದಿದ್ದಳು. ಆಗ ಅದು ಸುಳ್ಳು ಅನ್ನಿಸಿರಲಿಲ್ಲ. ಬರೀ ಬರವಣಿಗೆ ಅನ್ನಿಸಿತ್ತು.

ಮರುದಿನ ಮಗುವನ್ನು ಅತ್ತೆಯ ಬಳಿ ಬಿಟ್ಟು, ಔಷಧಿ ಅಂಗಡಿಗೆ ಹೋಗಿ ಬರುತ್ತೇನೆಂದು ಹೊರಟಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಳು. ತಂಗಿಯನ್ನು ಪ್ಯಾಕಿಂಗ್‌ಗೆ ಹಾಕಿ, ಇಲ್ಲವಾದರೆ ತಪಾಸಣೆಯವರಿಗೆ ಎಲ್ಲ ಹೇಳುತ್ತೇನೆ. ಇಷ್ಟೇ. ದನಿ ನಡುಗಬಾರದು.

'ಆಮೇಲೆ' ಸಾರ್ ಕುರ್ಚಿಯಿಂದ ಎದ್ದು ನಿಂತು ಬರಮಾಡಿಕೊಂಡರು. "ಬನ್ನಿ ಬನ್ನಿ ರಿಜಿಸ್ಟರ್ ಅಕ್ಕ. ದಾರಿ ತಪ್ಪಿ ಬಂದ್ರಾ? ಮಗಳು ಹೇಗಿದ್ದಾಳೆ?"

"ಚೆನ್ನಾಗಿಲ್ಲ ಸಾರ್. ಮೈಯೆಲ್ಲ ಇಸುಬು. ಉಬ್ಬಸ ಬೇರೆ ಶುರುವಾಗಿದೆ."

"ಅಯ್ಯೋ ಪಾಪ. ನಮ್ಮ ಅಣ್ಣನ ಮಗನಿಗೂ ಹಂಗೇ ಇತ್ತು. ದೊಡ್ಡವನಾದ ಮೇಲೆ ತಾನಾಗೇ ಹೋಯ್ತು." ಅವರ ಮುಖದಲ್ಲಿ ನಿಜವಾಗಿಯೂ ಮರುಕವಿತ್ತು. ಅದೇ ಅವಳಿಗೆ ಇನ್ನೂ ಸಿಟ್ಟು ತರಿಸಿತು. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು.

ಜೋಡಿಸಿಕೊಂಡು ಬಂದದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಅವರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಬೀರು ತೆಗೆದು, ಮೂಲೆ ಮಡಚಿಹೋಗಿದ್ದ ಐದು ವರ್ಷದ ಹಿಂದಿನ ರಿಜಿಸ್ಟರನ್ನು ಮೇಜಿನ ಮೇಲಿಟ್ಟು ಅವಳತ್ತ ತಿರುಗಿಸಿದರು.

"ತಪಾಸಣೆಯವರು ಬಂದಾಗ ನೀವು ಹೇಳಿ, ನಾನು ಅಡ್ಡ ಬರಲ್ಲ. ಅವರು ಇದನ್ನ ಕೇಳ್ತಾರೆ. ನಾನು ಕೊಡ್ತೀನಿ. ಇದರಲ್ಲಿ ನನ್ನ ಸಹಿ ಎಲ್ಲಾದ್ರೂ ಇದೆಯಾ ನೋಡಿ."

ಇರಲಿಲ್ಲ. ಪ್ರತಿ ಹಾಳೆಯ ಕೆಳಗೂ ಅವಳ ಸಹಿ, ದುಂಡಗೆ, ಬಾಲ ಎಳೆದು.

"ನೀವೇ ತಾನೇ ಹಾಗೆ ಬರೀರಿ ಅಂದದ್ದು?"

"ನಾನು ರಿಜಿಸ್ಟರ್ ಸರಿಯಾಗಿರ್ಲಿ ಅಂದೆ. ನೀವು ಸರಿಯಾಗಿಟ್ರಿ. ಅಂಥ ರಿಜಿಸ್ಟರ್ ನಾನು ಎಲ್ಲೂ ನೋಡಿಲ್ಲ ಅಂತ ತಪಾಸಣೆಗೆ ಬಂದ ಆಫೀಸರ್ರೇ ಅಂದಿದ್ರು, ನೆನಪಿದೆಯಾ?"

ನೆನಪಿತ್ತು. ಅವಳು ಹಾಳೆ ತಿರುವಿದಳು. ಗುಬ್ಬಿ ಹೊಟ್ಟೆಯಲ್ಲಿದ್ದ ಆರನೇ ತಿಂಗಳು, ಮೂರನೇ ಮನೆ. ಡಾಕ್ಟರಮ್ಮ ಕೇಳಿದ ದಾಖಲೆ ಇದೇ. ಇದರ ಪ್ರತಿ ಒಯ್ದು ಕೊಟ್ಟರೆ, ಈ ತಾಯಿ ಒಂದು ದಿನವೂ ಹಸಿ ಔಷಧಿಯ ಹತ್ತಿರ ಸುಳಿದಿಲ್ಲ ಎಂದು ಮಗಳ ಫೈಲಿನಲ್ಲಿ ಸೇರಿಹೋಗುತ್ತದೆ, ತಾಯಿಯ ಕೈಬರಹದಲ್ಲೇ.

"ಬೇರೆ ಏನೂ ಬೇಡ ಸಾರ್. ಅವಳನ್ನ ಪ್ಯಾಕಿಂಗ್‌ಗೆ ಹಾಕಿ."

"ಆಮೇಲೆ ನೋಡೋಣ ಅಕ್ಕ. ನಾಡಿದ್ದು ತಪಾಸಣೆ ಇದೆ. ನನ್ನ ಕುತ್ತಿಗೆಗೇ ಬಂದು ಕೂತಿದೆ." ಅವರು ಹಣೆ ಒತ್ತಿಕೊಂಡರು. ಮೇಜಿನ ಆ ಬದಿಯಲ್ಲಿ ಈ ವರ್ಷದ ರಿಜಿಸ್ಟರ್ ತೆರೆದೇ ಇತ್ತು. ಅವಳ ಕಣ್ಣು ಅಭ್ಯಾಸಬಲದಿಂದ ಅಲ್ಲಿಗೆ ಹೋಯಿತು. ಅಂಕಣಗಳಷ್ಟೇ ಇದ್ದವು, ಅಕ್ಷರ ಇರಲಿಲ್ಲ. ಒಂದು ಹಾಳೆ, ಎರಡು ಹಾಳೆ, ಮುಂದೆಯೂ ಖಾಲಿ.

"ಯಾರು ಬರೀತಿದ್ದದ್ದು?"

"ಬರೀತಿದ್ದವನು ಹೋದ ವಾರ ಹೇಳದೆ ಕೇಳದೆ ಬಿಟ್ಟು ಹೋದ. ನಾಲ್ಕು ತಿಂಗಳಿಂದ ಒಂದಕ್ಷರ ಬರೆದಿರಲಿಲ್ಲ ಅವನು. ನಿನ್ನೆ ರಾತ್ರಿ ನಾನೇ ಕೂತು ಬರೆದೆ, ಒಂದು ವಾರದ್ದು. ಹಿಂದಿನ ಹಾಳೆ ನೋಡಿ, ಕೋಳಿ ಕೆದರಿದಂಗಿದೆ."

ಹೊರಗೆ ಔಷಧಿ ಪಂಪಿನ ಮೋಟಾರು ಗುಂಯ್‌ಗುಟ್ಟುತ್ತಿತ್ತು.

"ನಾನು ಬರೆದುಕೊಡ್ತೀನಿ," ಎಂದು ಯಾರೋ ಹೇಳಿದರು. ತಾನೇ ಹೇಳಿದ್ದು ಎಂದು ಅವಳಿಗೆ ಗೊತ್ತಾಗಲು ಒಂದು ಕ್ಷಣ ಬೇಕಾಯಿತು. "ನಾಲ್ಕು ತಿಂಗಳದ್ದೂ. ಇವತ್ತೇ. ಆದ್ರೆ ನಾಳೆಯಿಂದ ಅವಳು ಪ್ಯಾಕಿಂಗಲ್ಲಿರಬೇಕು. ಹೆರಿಗೆ ಆಗೋವರೆಗೂ."

ಅವರು ಈ ಸಲ ಆಮೇಲೆ ಎನ್ನಲಿಲ್ಲ. "ಆಯ್ತು."

"ಇನ್ನೂ ಬಸುರಿಯರು ಇದ್ದಾರಾ?"

"ಇಬ್ಬರು ಇದ್ದಾರೆ."

"ಅವರನ್ನೂ ಹಾಕಿ."

"ಅಕ್ಕ, ಪ್ಯಾಕಿಂಗಲ್ಲಿ ನಿಲ್ಲೋಕೆ ಜಾಗ ಇಲ್ಲ. ನಿಮ್ಮ ತಂಗಿಗೆ ಅಂತ ಒಬ್ಬಳನ್ನ ಈಚೆ ಕಳಿಸಬೇಕು. ಮೂರು ಜನರನ್ನ ಹಾಕಿದ್ರೆ ಮೇಲಿನವರು ಯಾಕೆ ಅಂತ ಕೇಳ್ತಾರೆ. ಯಾಕೆ ಅಂತ ಹೇಳಲಿ? ಒಬ್ಬರು ಅಂದ್ರೆ ಒಬ್ಬರು."

ಇನ್ನೊಂದು ಮಾತು ಹಟ ಹಿಡಿದಿದ್ದರೆ ಬಗ್ಗುತ್ತಿದ್ದರೇನೋ. ಅವರಿಗೆ ನಾಡಿದ್ದಿನ ಭಯವಿತ್ತು. ಆದರೆ ಅವಳಿಗೂ ಭಯವಿತ್ತು, ಸಿಕ್ಕ ಒಂದೂ ಕೈತಪ್ಪಿದರೆ ಎಂದು. ಕುರ್ಚಿ ಎಳೆದುಕೊಂಡು ಕೂತಳು. "ಎರಡು ಪೆನ್ನು ಕೊಡಿ," ಎಂದಳು, "ಬೇರೆ ಬೇರೆ ಬಣ್ಣದ್ದು. ಮತ್ತೆ ಔಷಧಿ ಹೊಡೆದ ದಿನಗಳ ಚೀಟಿ, ಮೊಗ್ಗು ಕತ್ತರಿಸಿದ ಲೆಕ್ಕದ ಪುಸ್ತಕ."

ಬರೆದ ಹಾಗೆಲ್ಲ ಕೈ ತನ್ನ ಹಳೆಯ ದಾರಿ ಹಿಡಿಯಿತು. ಆರು ಹದಿನೈದು. ಐದು ಐವತ್ತೈದು. ಮೊಗ್ಗಿನ ಪುಸ್ತಕದಲ್ಲಿ ನಿಜ ಇತ್ತು: ಮಂಗಳವಾರ ಬೆಳಿಗ್ಗೆ ಔಷಧಿ ಹೊಡೆದ ಮೂರನೇ ಮನೆಯಲ್ಲಿ ಮಂಗಳವಾರ ಹನ್ನೊಂದಕ್ಕೇ ಎಂಟು ನೂರು ಮೊಗ್ಗು ಕತ್ತರಿಸಿದ್ದರು. ಎರಡು ಪುಸ್ತಕ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ತಿಳಿಯುತ್ತದೆ. ತಪಾಸಣೆಯವರು ಹಾಗೆ ಇಟ್ಟು ನೋಡುವವರಲ್ಲ. ನೋಡಿದರೆ ನೋಡಲಿ ಎಂದು ಬಿಟ್ಟುಬಿಡಬಹುದಿತ್ತು. ಒಂದು ನಿಮಿಷ ಪೆನ್ನು ಗಾಳಿಯಲ್ಲಿ ನಿಂತಿತು. ಯಾರಾದರೂ ನಿಜ ಹಿಡಿದರೆ ಆ ಇಬ್ಬರಿಗೆ ಒಳ್ಳೆಯದಾಗುತ್ತದೆ. ಮೊದಲು ಕೇಳುವುದು ಮಾತ್ರ ಈ ಅಕ್ಷರ ಯಾರದು ಎಂದು. ಅದು ತಿಳಿದ ದಿನ ತಂಗಿ ಮತ್ತೆ ಮೂರನೇ ಮನೆಗೆ, ಇಲ್ಲವೇ ಬೀದಿಗೆ. ಅವಳು ಔಷಧಿ ಹೊಡೆದ ದಿನವನ್ನು ಸೋಮವಾರಕ್ಕೆ ಸರಿಸಿದಳು. ಸಹಿಯ ಜಾಗದಲ್ಲಿ ಬಿಟ್ಟುಹೋದವನ ಎರಡಕ್ಷರವನ್ನು ಅವನದೇ ವಾಲಿಕೆಯಲ್ಲಿ ಬರೆದಳು. ಎರಡು ಪುಸ್ತಕಗಳಿಗೂ ಹೊಂದಾಣಿಕೆಯಾಯಿತು.

ಮುಗಿದಾಗ ನಾಲ್ಕು ಗಂಟೆ ದಾಟಿತ್ತು. 'ಆಮೇಲೆ' ಸಾರ್ ಹಾಳೆಗಳನ್ನು ತಿರುವಿ ನೋಡಿ, "ಕೈ ಅಂದ್ರೆ ಇದು," ಎಂದರು. ಹೊಗಳಿಕೆ ಉಗುಳಿನ ಹಾಗೆ ಮುಖಕ್ಕೆ ಬಿತ್ತು. ಒರೆಸಿಕೊಳ್ಳುವಂತಿರಲಿಲ್ಲ.

ಗೇಟಿನ ಕಡೆಗೆ ನಡೆಯುವಾಗ ಎರಡನೇ ಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ಕೆಂಪು ಬಟ್ಟೆಯ ಗಂಟು ಬಿಚ್ಚುತ್ತಿದ್ದಳು. ಐದಾರು ತಿಂಗಳ ಹೊಟ್ಟೆ, ಅಂಗಿಯ ಗುಂಡಿ ಹಾಕಲು ಬಂದಿರಲಿಲ್ಲ. "ಚೆನ್ನಾಗಿದ್ದೀರಾ ರಿಜಿಸ್ಟರ್ ಅಕ್ಕ?" ಎಂದು ಹಲ್ಲು ಬಿಟ್ಟು ಕೇಳಿದಳು. ಒಳಗಿನ ಗಾಳಿ ಹೊರಬಂತು, ಬಿಸಿ, ಕಹಿ.

"ಈಗಲೇ ಹೋಗಬೇಡ ಮಾರಾಯ್ತಿ. ಇನ್ನೂ ಒಣಗಿಲ್ಲ."

"ಹೋಗದಿದ್ರೆ ಹೂ ಅರಳಿಬಿಡುತ್ತೆ ಅಕ್ಕ. ನಿಮಗೆ ಗೊತ್ತಲ್ಲ." ಅವಳು ಬಟ್ಟೆಯನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಎರಡನೇ ಮನೆಯ ಬಾಗಿಲು ನಾಳೆ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ತೆರೆಯುತ್ತದೆಂದು ರಿಜಿಸ್ಟರಿನಲ್ಲಿ ಆಗಲೇ ಇತ್ತು. ಕೆಲಸ ಬಾಕಿ ಉಳಿಯದಿರಲೆಂದು ನಾಳೆಯದನ್ನೂ ಅವಳು ಬರೆದಿಟ್ಟು ಬಂದಿದ್ದಳು.

ರಾತ್ರಿ ಊಟದ ಹೊತ್ತಿಗೆ ತಂಗಿಯ ಫೋನು ಬಂತು. ದನಿ ಕುಣಿಯುತ್ತಿತ್ತು. "ಅಕ್ಕ, ಕೇಳಿದ್ಯಾ? ನಾಳೆಯಿಂದ ಪ್ಯಾಕಿಂಗ್ ಅಂತೆ. ನಾನು ಮತ್ತೆ ಕೇಳಿರ್ಲೂ ಇಲ್ಲ. 'ಆಮೇಲೆ' ಸಾರ್‌ಗೂ ಹೃದಯ ಅಂತ ಒಂದಿದೆ ಕಣೇ, ನಾವೇ ಸುಮ್ಮನೆ ಆಡಿಕೊಳ್ತಿದ್ವಿ."

"ಹೌದಾ," ಎಂದಳು. "ಒಳ್ಳೇದಾಯ್ತು."

"ನೀನು ಏನಾದ್ರೂ ಹೇಳಿದ್ಯಾ?"

"ನಾನೆಲ್ಲಿ ಹೇಳೋಕೆ ಹೋಗಲಿ. ಮನೆ ಬಿಟ್ಟು ಆಚೆ ಹೋಗೋಕೆ ನನಗೆಲ್ಲಿ ಪುರುಸೊತ್ತು?"

ಫೋನಿಟ್ಟ ಮೇಲೆ ಮಗಳ ಕಾಲಿಗೆ ಮುಲಾಮು ಹಚ್ಚಲು ಕೂತಳು. ಮುಂದಿನ ವಾರ ಡಾಕ್ಟರಮ್ಮನ ಮುಂದೆ ನಿಲ್ಲಬೇಕು. ಬಾಯಿಮಾತಲ್ಲಿ ನಿಜ ಹೇಳಿದರೆ, ರಿಜಿಸ್ಟರ್ ತರಿಸಿ ನೋಡಿ, ಹಾಗಾದರೆ ಇದು ಯಾಕೆ ಹೀಗಿದೆ ಎಂದು ಕೇಳುತ್ತಾರೆ. ಅವರು ಫೈಲನ್ನು ಮೊದಲ ಹಾಳೆಯಿಂದ ಓದುವವರು. ಒಂದು ಎಳೆ ಸಿಕ್ಕರೆ ಬಿಡುವವರಲ್ಲ. ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಿದ್ದಾರಂತೆ ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಮಗಳ ಫೈಲಿನಲ್ಲಿ ಆ ಜಾಗ ಖಾಲಿ ಉಳಿಯುತ್ತದೆ. ಸುಳ್ಳು ಕೂರುವುದಕ್ಕಿಂತ ಖಾಲಿ ವಾಸಿ, ಅಷ್ಟೇ ಸಮಾಧಾನ. ಅದೂ ಸಮಾಧಾನವೇನಲ್ಲ.

"ಅಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ?" ಎಂದ ಗಂಡ, ತಟ್ಟೆಯಿಂದ ತಲೆ ಎತ್ತಿ. "ಅಮ್ಮ ಹೇಳ್ತಿದ್ರು, ಬೆಳಿಗ್ಗೆ ಹೋದವಳು ಸಂಜೆಗೆ ಬಂದೆ ಅಂತ."

ಹೇಳಿದರೆ ಅವನು ಕೇಳಿಸಿಕೊಳ್ಳುತ್ತಿದ್ದ. ತಂಗಿಗೋಸ್ಕರ ತಾನೇ, ಬಿಡು, ಎನ್ನುತ್ತಿದ್ದ. ಆ 'ಬಿಡು' ಅವಳಿಗೆ ಬೇಕಿರಲಿಲ್ಲ. ಬಟ್ಟೆ ಮಡಚಿಕೊಂಡು ಒಳಗೆ ಹೋದವಳ ಪರವಾಗಿ ಇವನು ಯಾರು ಬಿಡುವುದಕ್ಕೆ? ಇವನಿಗೂ ಬೇಡ, ತಂಗಿಗೂ ಬೇಡ, ಡಾಕ್ಟರಮ್ಮನಿಗೂ ಬೇಡ. ಯಾರಿಗೂ ಹೇಳುವುದಿಲ್ಲ.

"ಔಷಧಿ ಅಂಗಡೀಲಿ ಜನ ಇದ್ರು," ಎಂದಳು, ಮುಲಾಮಿನ ಮುಚ್ಚಳ ತಿರುಗಿಸುತ್ತಾ. "ಮುಲಾಮು ಅಲ್ಲಿ ಸಿಗಲಿಲ್ಲ. ಇನ್ನೂ ಎರಡು ಕಡೆ ಅಲೆದು ಬಂದೆ."